ನಡುಗೈಯವನ ಪಾಲು

ಫಾಲ್ಗುಣ ಬಹುಳ ಬಿದಿಗೆ, ಸೋಮವಾರ. ಬೆಳಗಿನಿಂದಲೇ ಒಣ ಬಿಸಿಲು, ಗಾಳಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಒಂದೇ ಒಂದು ಬಿಳಿ ಮೋಡ ಎದ್ದಿತು. ಊರಿನ ನೆತ್ತಿಯವರೆಗೆ ಬಂದು, ಹನಿಯೊಂದನ್ನೂ ಉದುರಿಸದೆ ಅಲ್ಲೇ ಕರಗಿಹೋಯಿತು.

ಆ ಬೆಳಗ್ಗೆ ನಡುಗೈಯವನ ಮಗಳು ತನ್ನ ಅಪ್ಪ ಬಾಗಿಲು ದಾಟುವುದನ್ನು ನೋಡಿದಳು. ಅವಳು ಚಿಕ್ಕವಳಿದ್ದಾಗ ಅಪ್ಪ ಆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದ. ಮರೆತರೆ ಮೇಲಿನ ಅಡ್ಡಪಟ್ಟಿ ಹಣೆಗೆ ಬಡಿಯುತ್ತಿತ್ತು. 'ಈ ಬಾಗಿಲಿಗೆ ನನ್ನ ಕಂಡರೆ ಆಗಲ್ಲ' ಎಂದು ಹಣೆ ಉಜ್ಜಿಕೊಂಡು ನಗುತ್ತಿದ್ದ. ಈಗ ಅವನು ನೆಟ್ಟಗೆ ನಿಂತೇ ದಾಟಿದ. ತಲೆಗೂ ಅಡ್ಡಪಟ್ಟಿಗೂ ನಡುವೆ ಒಂದು ಗೇಣು ಬಿಸಿಲಿತ್ತು.

ಬಾಗಿಲುಗಳು ಬೆಳೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇನ್ನು ಅಪ್ಪನನ್ನು ಸೇತುವೆಯ ಆ ಕಟ್ಟೆಯ ಮೇಲೆ ಕೂರಲು ಬಿಡಬಾರದು ಎಂದು ಅವಳು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆ ಊರಿನ ನಡುವೆ ಒಂದು ಕಾಲುವೆ ಹರಿಯುತ್ತಿತ್ತು. ಬಡಗಣಕ್ಕೆ ಹುಳಿಕೇರಿ, ತೆಂಕಣಕ್ಕೆ ಬೂದಿಕೇರಿ. ಹುಳಿಕೇರಿಯವರ ಮೈಯೊಳಗೇ ಹುಳಿ. ಅವರು ಮುಟ್ಟಿದ ತಾಮ್ರ ಹೊಳೆಯುತ್ತಿತ್ತು, ಅವರು ಬಗ್ಗಿ ನೋಡಿದ ಹಾಲು ಒಡೆಯುತ್ತಿತ್ತು, ಅವರು ಬರಿಗಾಲಲ್ಲಿ ನಡೆದರೆ ಸುಣ್ಣದ ಕಲ್ಲು ಬುಸುಗುಟ್ಟುತ್ತಿತ್ತು. ಬೂದಿಕೇರಿಯವರ ಮೈಯೊಳಗೆ ಬೂದಿನೀರು. ಅವರ ಅಂಗೈ ಸದಾ ಜಾರು. ಅವರು ಹೊದ್ದ ಉಣ್ಣೆಯ ಕಂಬಳಿ ಒಂದು ಚಳಿಗಾಲ ಬಾಳುತ್ತಿರಲಿಲ್ಲ. ಅವರ ಹೆಂಗಸರು ಕೆನ್ನೆಗೆ ಅರಿಸಿನ ಹಚ್ಚಿಕೊಂಡರೆ ಹಚ್ಚಿದ ಗಳಿಗೆಯಲ್ಲೇ ಅದು ಕೆಂಪಾಗುತ್ತಿತ್ತು.

ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಬದುಕಿರಲಿಲ್ಲ. ಹುಳಿಕೇರಿಯ ಜಿಡ್ಡು ಪಾತ್ರೆಗೆ ಬೂದಿ ಬೇಕು. ಬೂದಿಕೇರಿಯ ಬಟ್ಟೆಗೆ ಬಣ್ಣ ಕಚ್ಚಬೇಕಾದರೆ ಹುಳಿ ಬೇಕು. ಆದರೆ ಹುಳಿಯ ಕೈಗೆ ಬೂದಿಯ ಕೈ ಸೋಕಿತೋ, ಕೊತಕೊತ ಕುದಿದು ನೊರೆ ಏಳುತ್ತಿತ್ತು, ಇಬ್ಬರ ಚರ್ಮವೂ ಸುಲಿಯುತ್ತಿತ್ತು. ಊರಿನ ಕಟ್ಟಳೆಯೋ, ಕೈ ಹಿಡಿಯದೆ ಆಡಿದ ಮಾತು ಮಾತೇ ಅಲ್ಲ ಎನ್ನುತ್ತಿತ್ತು.

ಅದಕ್ಕಾಗಿ ಕಾಲುವೆಯ ಸೇತುವೆಯ ಮೇಲೆ ಒಂದು ನಡುಗಟ್ಟೆ. ಕಟ್ಟೆಯ ಮೇಲೆ ಒಬ್ಬ ನಡುಗೈಯವನು.

ಅವನು ಮೂಡಲಿಗೆ ಮುಖ ಮಾಡಿ ಕೂರುತ್ತಿದ್ದ. 'ಹಿಡಿಯಿರಿ' ಎನ್ನುತ್ತಿದ್ದ. ಎಡಗೈಯನ್ನು ಹುಳಿಕೇರಿಯವನು ಹಿಡಿಯುತ್ತಿದ್ದ, ಬಲಗೈಯನ್ನು ಬೂದಿಕೇರಿಯವನು ಹಿಡಿಯುತ್ತಿದ್ದ. ಇಬ್ಬರೂ ತಮ್ಮ ಮಾತು ಹೇಳುತ್ತಿದ್ದರು. ಮಾತು ಒಂದು ತೋಳಿನಿಂದ ಹತ್ತಿ ಇನ್ನೊಂದು ತೋಳಿನಲ್ಲಿ ಇಳಿಯುತ್ತಿತ್ತು. ಹುಳಿಯ ಎದುರು ಅವನು ಬೂದಿ. ಬೂದಿಯ ಎದುರು ಅವನು ಹುಳಿ. ಹಿಡಿದವರ ಉರಿ ಅವನಲ್ಲಿ ಇಳಿಯುತ್ತಿತ್ತು, ಯಾರಿಗೂ ಸುಡುತ್ತಿರಲಿಲ್ಲ. ಆಮೇಲೆ ಅವನು 'ಬಿಡಿ' ಎನ್ನುತ್ತಿದ್ದ. ಇಬ್ಬರೂ ಒಟ್ಟಿಗೇ ಬಿಡಬೇಕು. ಒಬ್ಬರು ಮೊದಲು ಬಿಟ್ಟು ಇನ್ನೊಬ್ಬರು ಹಿಡಿದೇ ಇದ್ದರೆ ಏನಾಗುತ್ತದೆಂದು ಯಾರೂ ನೋಡಿರಲಿಲ್ಲ. ನೋಡಬಾರದು ಎಂಬುದಷ್ಟೇ ಎಲ್ಲರಿಗೂ ಗೊತ್ತಿತ್ತು.

ಕೈಗಳು ಬಿಟ್ಟ ಮೇಲೆ ಅವನ ಮಡಿಲಲ್ಲಿ, ಅವನು ಕೂತ ಕಲ್ಲಿನ ಸುತ್ತ, ಬೆಳ್ಳಗೆ ಉಪ್ಪು ಉಳಿಯುತ್ತಿತ್ತು. ಕಡಲಿಲ್ಲದ ಊರಿಗೆ ಅದೊಂದೇ ಉಪ್ಪು. ಕೊಟ್ಟ ಮಾತು ಒಣಗಿ ಉಪ್ಪಾಗುತ್ತದೆ ಎಂದು ಜನ ನಂಬಿದ್ದರು. ಪುಟ್ಟ ಕಸಬರಿಕೆಯಿಂದ ಅದನ್ನು ಗುಡಿಸಿ ಎರಡು ಗುಪ್ಪೆ ಮಾಡಿ ಎರಡೂ ಕೇರಿಗೆ ಹಂಚುತ್ತಿದ್ದರು. ಕೊನೆಗೆ ಒಂದು ಹಿಡಿ ಉಳಿಸಿ ನಡುಗೈಯವನ ಪಂಚೆಯ ಸೆರಗಿಗೆ ಕಟ್ಟುತ್ತಿದ್ದರು.

"ನಿನ್ನ ಪಾಲು ಸಂದಿತು," ಎನ್ನುತ್ತಿದ್ದರು.

"ಸಂದಿತು," ಎನ್ನುತ್ತಿದ್ದ ಅವನು.

ಸೇತುವೆಯ ತುದಿಯಲ್ಲೇ ಅವನ ಮನೆ. ಅದು ಯಾವ ಕೇರಿಗೂ ಸೇರಿರಲಿಲ್ಲ. ಅವನ ಹೆಂಡತಿ ಹುಳಿಕೇರಿಯಲ್ಲಿ ಹುಟ್ಟಿದವಳು. ಮಗಳಿಗೆ ಬುದ್ಧಿ ಬಂದಾಗಿನಿಂದ ಅವ್ವನ ಎರಡು ಹಟ ಅವಳಿಗೆ ಗೊತ್ತು. ಒಂದು, ಅವ್ವ ತನ್ನ ಎರಡೂ ಕೈಗೆ ಬೆರಳ ತುದಿಯವರೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಗಂಡನಿಗೆ ಬಡಿಸುವಾಗ, ಮಗಳ ತಲೆ ಬಾಚುವಾಗ, ಆ ಬಟ್ಟೆ ಬಿಚ್ಚುತ್ತಿರಲಿಲ್ಲ. ಇನ್ನೊಂದು, ಅವ್ವ ಸಪ್ಪೆ ಉಣ್ಣುತ್ತಿದ್ದಳು. ಸೆರಗಿನ ಗಂಟಿನಲ್ಲಿ ಬಂದ ಹಿಡಿ ಉಪ್ಪನ್ನು ಅವಳು ಗಂಟಿನ ಸಮೇತ ಅಂಗೈ ಮೇಲಿಟ್ಟು ಒಂದು ಗಳಿಗೆ ತೂಗಿ ನೋಡುತ್ತಿದ್ದಳು. ಆಮೇಲೆ ಮರಿಗೆಗೆ ಸುರಿಯುತ್ತಿದ್ದಳು. ಮಗಳ ಸಾರಿಗೆ ಹಾಕುತ್ತಿದ್ದಳು. ತನ್ನ ತಟ್ಟೆಗೆ ಒಂದು ಹರಳನ್ನೂ ಹಾಕಿಕೊಳ್ಳುತ್ತಿರಲಿಲ್ಲ.

"ಯಾಕವ್ವ?" ಎಂದರೆ, "ನನ್ನದೊಂದು ಹರಕೆ," ಎನ್ನುತ್ತಿದ್ದಳು.

ಮಗಳಿಗೆ ಅದು ಹರಕೆ ಎಂದು ಅನಿಸಿರಲಿಲ್ಲ. ಮನೆಗೆ ಬರುವುದು ಒಂದು ಹಿಡಿ. ಅದು ಮೂವರಿಗೆ ಸಾಲದು. ಅದಕ್ಕೇ ಅವ್ವ ಬಾಯಿ ಕಟ್ಟಿದ್ದಾಳೆ ಎಂದು ಅವಳು ಲೆಕ್ಕ ಹಾಕಿದ್ದಳು.

ಅಪ್ಪನಿಗೂ ಒಂದು ಅಭ್ಯಾಸವಿತ್ತು. ಮಗಳು ಮೊದಲ ತುತ್ತು ಬಾಯಿಗಿಡುವವರೆಗೆ ಅವನು ತನ್ನ ತಟ್ಟೆ ಮುಟ್ಟುತ್ತಿರಲಿಲ್ಲ. ಅವಳನ್ನೇ ನೋಡುತ್ತ, "ಉಪ್ಪು ಸರಿಯಾಗಿದೆಯಾ?" ಎಂದು ಕೇಳುತ್ತಿದ್ದ.

"ಸ್ವಲ್ಪ ಮುಂದು," ಎಂದು ಅವಳು ಕೆಣಕುತ್ತಿದ್ದಳು. ಅವನು ನಗುತ್ತಿದ್ದ. ಅವ್ವ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಒಂದು ಸಂಗತಿಯನ್ನು ಅವಳು ಮರೆಯಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಸಣ್ಣವಳಿದ್ದಾಗ ಸೇತುವೆಯ ಮೇಲೆ ಆಡುತ್ತ ಒಂದು ಕೈಯಲ್ಲಿ ಹುಳಿಕೇರಿಯ ಹುಡುಗಿಯನ್ನೂ ಇನ್ನೊಂದು ಕೈಯಲ್ಲಿ ಬೂದಿಕೇರಿಯ ಹುಡುಗಿಯನ್ನೂ ಹಿಡಿದು ಗಿರಗಿರ ಸುತ್ತಿದ್ದಳು. ಯಾರಿಗೂ ಸುಡಲಿಲ್ಲ. ಮೂವರೂ ನಕ್ಕು ಬಿದ್ದಿದ್ದರು. ಅಪ್ಪ ಕಟ್ಟೆಯಿಂದ ಓಡಿ ಬಂದ. ಅವಳ ಅಂಗೈ ಬಿಡಿಸಿ ನೋಡಿದ. ಅಲ್ಲಿ ಏನೋ ಬೆಳ್ಳಗೆ ಪುಡಿಪುಡಿಯಾಗಿ ಅಂಟಿತ್ತು. ಅವನು ಅದನ್ನು ತನ್ನ ಪಂಚೆಯಿಂದ ಒರೆಸಿ ಒರೆಸಿ ತೆಗೆದ.

"ಯಾರ ಕೈಯನ್ನೂ ಹಿಡಿಯಬೇಡ ಮಗಳೇ," ಎಂದ. ಅವನ ದನಿಯಲ್ಲಿ ಹೆದರಿಕೆಯನ್ನು ಅವಳು ಮೊದಲು ಕೇಳಿದ್ದು ಅಂದೇ. ಅಂದಿನಿಂದ ಜನರ ನಡುವೆ ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡಿದಳು.

ಈಚೆಗೆ ಊರಿನಲ್ಲಿ ಜಗಳ ಹೆಚ್ಚಿತ್ತು. ಮೊದಲೆಲ್ಲ ಹೊಲದ ನೀರಿಗೆ, ದಾರಿಯ ಹಕ್ಕಿಗೆ ಜಗಳವಾಗುತ್ತಿತ್ತು. ಕಟ್ಟೆ ಹತ್ತುತ್ತಿದ್ದರು, ಕೈ ಹಿಡಿಯುತ್ತಿದ್ದರು, ಮುಗಿಯುತ್ತಿತ್ತು. ಈಗ ನೆರಳು ಅತ್ತ ಬಿತ್ತೆಂದು ಜಗಳ, ಹೊಗೆ ಇತ್ತ ಬಂತೆಂದು ಜಗಳ. ಯಾರ ಮನೆಯಲ್ಲಿ ಉಪ್ಪಿನ ಮರಿಗೆ ಬರಿದಾಗಿದೆಯೋ ಅವರ ಮನೆಯಲ್ಲಿ ಮೊದಲು ಜಗಳ ಹುಟ್ಟುತ್ತಿತ್ತು. ಜಗಳವಾಡಿದ ಇಬ್ಬರೂ ನಗುನಗುತ್ತಲೇ ಕಟ್ಟೆ ಹತ್ತುತ್ತಿದ್ದರು. ನಡುಗೈಯವನು ಕಣ್ಣು ಮುಚ್ಚಿ ಕೂರುತ್ತಿದ್ದ. ಅವನ ಉಂಗುರ ಬೆರಳಿನಿಂದ ಜಾರಿ ಕಾಲುವೆಗೆ ಬಿದ್ದು ಬಹಳ ದಿನವಾಗಿತ್ತು. ಅವನ ಪಂಚೆ ಸೊಂಟಕ್ಕೆ ಇನ್ನೊಂದು ಸುತ್ತು ಬರುತ್ತಿತ್ತು.

ಆ ಸೋಮವಾರ ಬೆಳಗ್ಗೆ ಹುಳಿಕೇರಿಯ ಯಜಮಾನನೂ ಬೂದಿಕೇರಿಯ ಯಜಮಾನಿಯೂ ಅವನ ಅಂಗಳಕ್ಕೆ ಬಂದರು. ಒಬ್ಬರು ಅಂಗಳದ ಈ ಮೂಲೆ, ಒಬ್ಬರು ಆ ಮೂಲೆ. ನಡುವೆ ಅಪ್ಪ ಚಾಪೆ ಹಾಕಿಕೊಂಡು ಕೂತಿದ್ದ.

"ಮಿಡಿ ಕೊಯ್ದು ಕೂತಿದೀವಿ, ಜಾಡಿ ತೊಳೆದು ಕೂತಿದೀವಿ," ಎಂದ ಯಜಮಾನ. "ಉಪ್ಪಿನಕಾಯಿ ಹಾಕೋ ಕಾಲ ಕಣಪ್ಪ. ಸಣ್ಣಪುಟ್ಟ ಮಾತಿನ ಉಪ್ಪು ಸಾಲಲ್ಲ. ಕೇರಿಗೂ ಕೇರಿಗೂ ದೊಡ್ಡ ಒಪ್ಪಂದ ಆಗಲಿ."

ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು: "ಜಗಳ ಏನು ಯಜಮಾನರೇ, ಈ ಸಲ?"

"ಜಗಳವೇ? ಭಾರೀ ಜಗಳ ಕಣವ್ವ. ಇವರ ಕೇರಿ ಹುಂಜ ನಮ್ಮ ಕಡೆ ಮುಖ ಮಾಡಿ ಕೂಗಿದೆ."

"ಕೂಗಿದ್ದು ನಿಮ್ಮ ಹುಂಜ," ಎಂದಳು ಯಜಮಾನಿ, ಮೆಲ್ಲಗೆ, ಅಂಗೈಗೆ ಅಂಗೈ ಉಜ್ಜುತ್ತ. "ನಮ್ಮ ಹೇಂಟೆ ಮರ್ಯಾದೆಗೆ ಉತ್ತರ ಕೊಟ್ಟಿತು, ಅಷ್ಟೆ."

ಇಬ್ಬರೂ ನಕ್ಕರು. ಅಪ್ಪನೂ ನಕ್ಕ. ನಗುವಾಗ ಅವನ ಕೆನ್ನೆಯ ಆಚೆಯ ಬೆಳಕು ಮಗಳಿಗೆ ಕಂಡಿತು.

"ಆಗಲಿ, ಮಧ್ಯಾಹ್ನಕ್ಕೆ ಬನ್ನಿ," ಎಂದ ಅಪ್ಪ.

"ಆಗಲ್ಲ," ಎಂದಳು ಮಗಳು.

ಅವಳು ಅಂಗಳಕ್ಕೆ ಇಳಿದಳು. "ಇಷ್ಟು ದೊಡ್ಡ ಮಾತು ಅಪ್ಪನ ಕೈಯಲ್ಲಿ ನಡೀಬೇಕಾದರೆ ನನ್ನದೂ ಮಾತಿದೆ. ಇದೇ ಕೊನೆ. ಇದಾದ ಮೇಲೆ ಅಪ್ಪನಿಗೆ ಕಟ್ಟೆಯಿಂದ ಬಿಡುಗಡೆ. ಅವನು ಮನೇಲಿರಬೇಕು. ಮತ್ತೆ, ಹಿಡಿ ಉಪ್ಪು ಅಲ್ಲ. ಒಂದು ಕೊಳಗ. ತುಂಬಿಸಿ ಕೊಡಬೇಕು."

"ಕೊಳಗವೇ!" ಯಜಮಾನ ಹುಬ್ಬೇರಿಸಿದ. "ಮನೇಲಿ ಆನೆ ಸಾಕಿದೀರೇನವ್ವ?"

"ನಮ್ಮವ್ವ ಸಪ್ಪೆ ಉಣ್ತಾಳೆ."

ಒಳಗೆ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. "ನನಗೆ ಬೇಡ," ಎಂದು ಅವ್ವ ಒಳಗಿನಿಂದಲೇ ಕೂಗಿದಳು. "ನಾನು ಕೇಳಲಿಲ್ಲ. ಬೇಡ!"

ಯಜಮಾನಿ ಅಡುಗೆಮನೆಯ ಕತ್ತಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಜೇನಿನಂಥ ದನಿಯಲ್ಲಿ, "ಮಗು ಕೇಳಿದ್ದು ತಪ್ಪಲ್ಲ," ಎಂದಳು. "ಆದರೆ ಕೊಳಗ ಯಾವ ಕೇರಿ ಪಾಲಿನಿಂದ ಹೋಗಬೇಕು? ಇವನು ಯಾರ ಕಡೆಯವನೋ ಅವರು ಕೊಡಲಿ. ಕಟ್ಟೆ ಬಿಟ್ಟವನು ಹೇಗೂ ಒಂದು ಕೇರಿ ಸೇರಲೇಬೇಕು."

"ನ್ಯಾಯ," ಎಂದ ಯಜಮಾನ. "ಬಟ್ಟೆ ಇಟ್ಟು ನೋಡೋಣ."

ಆ ಊರಿನಲ್ಲಿ ದಾಸವಾಳದ ಹೂ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯೊಂದಿತ್ತು. ಕೂಸು ಹುಟ್ಟಿದ ದಿನ ಅದರ ಎದೆಯ ಮೇಲೆ ಆ ಬಟ್ಟೆ ಇಡುತ್ತಿದ್ದರು. ಕೆಂಪಾದರೆ ಹುಳಿ, ಹಸಿರಾದರೆ ಬೂದಿ. ನಡುಗೈಯವನ ಮೇಲೆ ಅದನ್ನು ಯಾರೂ ಇಟ್ಟಿರಲಿಲ್ಲ. ನಡುವೆ ಇರುವವನಿಗೆ ಕೇರಿ ಯಾಕೆ ಎಂದು ಹಿಂದಿನವರು ಬಿಟ್ಟಿದ್ದರು.

"ಇಡಿ," ಎಂದಳು ಮಗಳು. ಯಾವುದಾದರೊಂದು ಕೇರಿಯಲ್ಲಿ ಅಪ್ಪನಿಗೊಂದು ಜಗುಲಿ ಸಿಗುತ್ತದೆ. ಅವನು ಸಂಜೆ ಅಲ್ಲಿ ಕೂರುತ್ತಾನೆ. ಅವನ ಕೈ ಅವನ ತೊಡೆಯ ಮೇಲಿರುತ್ತದೆ. ಅವಳಿಗೆ ಕಂಡದ್ದು ಅಷ್ಟೇ.

ಅವರು ಹೋದ ಮೇಲೆ ಅವ್ವ ಹೊರಗೆ ಬಂದಳು. "ಕೇಳಬಾರದ್ದನ್ನ ಕೇಳಿದೆಯಲ್ಲೇ."

"ನಿನಗಾಗಿ ಕೇಳಿದ್ದವ್ವ."

"ನನಗಾಗಿ!" ಅವ್ವ ಗಂಡನ ಕಡೆ ತಿರುಗಿದಳು. "ಈಗಲಾದರೂ ಹೇಳಿಬಿಡ್ತೀನಿ. ಅವಳಿಗೆ ಗೊತ್ತಾಗಲಿ."

"ಮಾತು ಕೊಟ್ಟಿದೀಯ," ಎಂದ ಅಪ್ಪ.

ಅವ್ವ ಬಟ್ಟೆ ಸುತ್ತಿದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಮಗಳ ಮುಂದೆ ತಟ್ಟೆ ಸರಿಸಿದ. ಅವಳು ಮೊದಲ ತುತ್ತು ಇಟ್ಟಳು.

"ಉಪ್ಪು ಸರಿಯಾಗಿದೆಯಾ?"

ಅವಳಿಗೆ ಕೆಣಕುವ ಮನಸ್ಸಾಗಲಿಲ್ಲ. "ಸರಿಯಾಗಿದೆ," ಎಂದಳು.

ಮಧ್ಯಾಹ್ನ ಸೇತುವೆಯ ಎರಡೂ ಬದಿಗೆ ಎರಡೂ ಕೇರಿಯ ಜನ ಸೇರಿದರು. ಎಲ್ಲರ ಕಂಕುಳಲ್ಲೂ ತೊಳೆದ ಜಾಡಿ. ಯಾರೂ ಕಟ್ಟೆಯ ಮೇಲಿನ ಮನುಷ್ಯನನ್ನು ನೋಡುತ್ತಿರಲಿಲ್ಲ, ಅವನು ಕೂತ ಕಲ್ಲನ್ನು ನೋಡುತ್ತಿದ್ದರು. ಕಟ್ಟೆಯ ಅಂಚಿನಲ್ಲಿ ಮಗಳು ನಿಂತಿದ್ದಳು, ಕೈ ಸೆರಗಿನೊಳಗೆ.

"ಹಿಡಿಯಿರಿ," ಎಂದ ನಡುಗೈಯವನು.

ಯಜಮಾನ ಎಡಗೈ ಹಿಡಿದ. ಯಜಮಾನಿ ಬಲಗೈ ಹಿಡಿದಳು. ವರ್ಷದ ಜಗಳವನ್ನೆಲ್ಲ ಒಂದೊಂದಾಗಿ ಹೇಳಿದರು. ನೆರಳು, ಹೊಗೆ, ಹುಂಜ, ಹೇಂಟೆ. ಪ್ರತಿ ಮಾತಿಗೂ ನಡುಗೈಯವನ ತೋಳು ಅದುರುತ್ತಿತ್ತು. ಹುಳಿಯ ಎದುರು ಬೂದಿ. ಬೂದಿಯ ಎದುರು ಹುಳಿ. ಅವನ ಮಡಿಲು ಬೆಳ್ಳಗಾಗುತ್ತ ಬಂತು. ಜನ ಜಾಡಿಯ ಮುಚ್ಚಳ ತೆಗೆದರು.

"ಬಿಡುವ ಮುಂಚೆ ಬಟ್ಟೆ ನೋಡಿಬಿಡೋಣ," ಎಂದ ಯಜಮಾನ. ಬಿಡುವಾಗಿದ್ದ ಕೈಯಿಂದ ಬಟ್ಟೆ ತೆಗೆದು ನಡುಗೈಯವನ ಎದೆಯ ಎಡಭಾಗಕ್ಕೆ ಒತ್ತಿದ. ಬಟ್ಟೆ ಹಸಿರಾಯಿತು.

"ನೋಡಿ, ನೋಡಿ! ಎಳೆ ಹುಲ್ಲಿನ ಹಸಿರು. ನಿಮ್ಮವನೇ ಯಜಮಾನಿ. ಅಳೆಯಿರಿ ಕೊಳಗ."

"ನೀವು ಒತ್ತಿದ ಬಟ್ಟೆ ನಿಮ್ಮ ಮಾತೇ ಆಡ್ತದೆ," ಎಂದಳು ಯಜಮಾನಿ. ತನ್ನ ಸೊಂಟದಿಂದ ಇನ್ನೊಂದು ಬಟ್ಟೆ ಎಳೆದು ಎದೆಯ ಬಲಭಾಗಕ್ಕೆ ಒತ್ತಿದಳು. ಅದು ಕೆಂಪಾಯಿತು.

"ಕೆಂಪು. ಅಪ್ಪಟ ಹುಳಿ. ನಿಮ್ಮ ಮನೆ ಮಗ, ನೀವೇ ಕರಕೊಂಡು ಹೋಗಿ."

ಜನ ಒಂದು ಬಟ್ಟೆಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರು. ಆಮೇಲೆ ಎರಡೂ ಬದಿಯಿಂದ ಒಂದೇ ಕೂಗು ಎದ್ದಿತು.

"ಮೋಸ!"

"ನಮ್ಮ ಹತ್ರ ಅವರವನು, ಅವರ ಹತ್ರ ನಮ್ಮವನು!"

"ಇಷ್ಟು ವರ್ಷ ಈ ಮುಖ ಇಟ್ಟುಕೊಂಡು ಕೂತಿದ್ದನಲ್ಲ!"

"ಎರಡೂ ನಿಜ," ಎಂದ ನಡುಗೈಯವನು, ಅವನ ದನಿ ತೆಳ್ಳಗಾಗಿತ್ತು. "ನಿಮ್ಮ ಎದುರು ನಾನು ನಿಮ್ಮಂತೆಯೇ ಇದ್ದಿದ್ದರೆ ನಿಮ್ಮ ಉರಿಯನ್ನ ಎಲ್ಲಿ ಇಳಿಸ್ತಿದ್ದಿರಿ ಯಜಮಾನರೇ? ಈಗ ಬಿಡಿ. ಇಬ್ಬರೂ ಒಟ್ಟಿಗೆ. ಬಿಡಿ."

"ನಮ್ಮವನಲ್ಲದವನ ಕೈ ನಾನು ಯಾಕೆ ಹಿಡೀಲಿ?" ಎಂದು ಯಜಮಾನ ಎಡಗೈಯನ್ನು ಕೊಡವಿ ಬಿಟ್ಟ.

ಯಜಮಾನಿ ಬಿಟ್ಟಿರಲಿಲ್ಲ. ಮೊದಲು ಬಿಟ್ಟವರು ಕೊಳಗ ಕೊಡದೆ ತಪ್ಪಿಸಿಕೊಳ್ಳುತ್ತಾರೆಂದು ಅವಳಿಗೆ ತೋಚಿ, ಬಿಡಲು ಬೆರಳು ಸಡಿಲಿಸುವಷ್ಟರಲ್ಲಿ ಅವಳ ಬೂದಿಯೆಲ್ಲ ಅವನೊಳಗೆ ನುಗ್ಗಿಯಾಗಿತ್ತು. ನಡುಗೈಯವನ ಬಲ ತೋಳು ತಿಳಿಯಾಯಿತು. ಭುಜ ತಿಳಿಯಾಯಿತು. ಅವನ ಎದೆಯ ಹಿಂದಿನ ಕಲ್ಲು ಕಂಡಿತು, ಕಲ್ಲಿನ ಮೇಲಿನ ಇರುವೆ ಕಂಡಿತು. ಯಜಮಾನಿ ಕಿರುಚಿ ಕೈ ಕಿತ್ತುಕೊಂಡಳು.

"ಹಿಡೀರಿ! ಉಪ್ಪು ಹೋಗ್ತದೆ, ಹಿಡೀರಿ!" ಎಂದು ಹುಳಿಕೇರಿಯವರು ಕೂಗಿದರು. ಯಜಮಾನ ಬಗ್ಗಿ, ನೀರಿನಂತಾಗಿದ್ದ ಎಡಗೈಯನ್ನು ಮತ್ತೆ ಹಿಡಿದ. ಹುಳಿ ತಾಗಿದ್ದೇ ತಡ, ನಡುಗೈಯವನು ಹೆಪ್ಪುಗಟ್ಟಿದ ಮೊಸರಿನಂತೆ ಬೆಳ್ಳಗೆ ತಿರುಗಿ ಬಂದ. ತುಟಿ ಬಂತು, ಹಣೆ ಬಂತು, ಕಣ್ಣು ಬಂತು. ಆ ಕಣ್ಣು ಮಗಳನ್ನು ಹುಡುಕಿತು. ಅವಳ ಸೆರಗಿನೊಳಗೆ ಕೈ ಅಲುಗುವುದನ್ನು ಅವನು ಕಂಡ.

"ಹಿಡಿಯಬೇಡ ಮಗಳೇ," ಎಂದ.

ಯಜಮಾನ ಅಲ್ಲೇ ಬಿಟ್ಟಿದ್ದರೆ ಅವನು ಅಷ್ಟಾದರೂ ಉಳಿಯುತ್ತಿದ್ದನೇನೋ. ಆದರೆ ಯಜಮಾನ ಇನ್ನಷ್ಟು ಬಿಗಿಯಾಗಿ ಹಿಡಿದ. ಬೆಳ್ಳಗೆ ಬಂದವನು ಹುಳಿಯ ಕಡೆಯಿಂದ ತಿಳಿಯಾಗತೊಡಗಿದ. ಕೈ ಹೋಯಿತು, ಕುತ್ತಿಗೆ ಹೋಯಿತು.

ಮಗಳು ಕಟ್ಟೆಗೆ ಹಾರಿದಳು. ಅಪ್ಪನನ್ನು ಕರಗಿಸುತ್ತಿದ್ದ ಉರಿ ಯಾರದ್ದೋ ಅವರಿಂದಲೇ ಅದನ್ನು ಎಳೆದುಕೊಳ್ಳಬೇಕು ಎಂಬುದೊಂದೇ ಅವಳಿಗೆ ಹೊಳೆದದ್ದು. ಎಡಗೈಯಲ್ಲಿ ಯಜಮಾನನ ಕೈ ಹಿಡಿದಳು. ಬಲಗೈ ಚಾಚಿ ಓಡುತ್ತಿದ್ದ ಯಜಮಾನಿಯ ಮುಂಗೈ ಹಿಡಿದಳು. ಉರಿ ಎರಡೂ ತೋಳಿನಿಂದ ಹತ್ತಿ ಅವಳ ಎದೆಯಲ್ಲಿ ಕೂಡಿತು. ಸುಡಲಿಲ್ಲ. ಒಳಗಿನಿಂದ ಯಾರೋ ಒಂದು ತೆಳು ಪದರ ಸುಲಿದಂತಾಯಿತು, ಅಷ್ಟೆ. ಅವಳ ಎದೆಯ ಮೇಲೆ ಯಾರೂ ಬಟ್ಟೆ ಇಡಲಿಲ್ಲ. ಇಡುವ ಅಗತ್ಯವಿರಲಿಲ್ಲ.

"ಬಿಡಿ," ಎಂದಳು ಅವಳು, ಅಪ್ಪನ ದನಿಯಲ್ಲಿ.

ಇಬ್ಬರೂ ಒಟ್ಟಿಗೇ ಬಿಟ್ಟರು.

ನಡುಗೈಯವನು ಕೂತಿದ್ದ ಕಲ್ಲಿನ ಗುಳಿಯಲ್ಲಿ ತಿಳಿನೀರು ನಿಂತಿತ್ತು. ಎಲ್ಲರೂ ನೋಡುತ್ತಿದ್ದಂತೆ ಆ ನೀರು ಬೆಳ್ಳಗಾಯಿತು, ತಳಕ್ಕೆ ಕೂತಿತು, ಬಿಸಿಲಿಗೆ ಒಣಗಿತು. ಅಲ್ಲೊಂದು ಗುಪ್ಪೆ ಉಳಿಯಿತು. ಗುಪ್ಪೆಯ ಮೇಲೆ ಅವನ ಪಂಚೆ ಬಿದ್ದಿತ್ತು. ನೆತ್ತಿಯ ಮೇಲೆ ಮೋಡವಿತ್ತು, ಆಮೇಲೆ ಇರಲಿಲ್ಲ.

ಮೊದಲು ಮಾತಾಡಿದವನು ಯಜಮಾನ. "ಒಪ್ಪಂದ ಆಯಿತಲ್ಲ," ಎಂದು ಕೆಮ್ಮಿದ. "ಮಾತು ನಿಂತಿತು. ಕಟ್ಟೆ ಖಾಲಿಯಾಗಲಿಲ್ಲ."

"ಪುಣ್ಯವಂತ, ಮಗಳನ್ನ ಬಿಟ್ಟು ಹೋದ," ಎಂದಳು ಯಜಮಾನಿ. ಅವಳ ದನಿ ಮತ್ತೆ ಜೇನಾಗಿತ್ತು.

ಯಾರೋ ಕಸಬರಿಕೆ ತಂದರು. ಮಗಳು ತನ್ನ ಮಡಿಲು ನೋಡಿಕೊಂಡಳು. ಅಲ್ಲಿ, ಅವಳ ಸೀರೆಯ ನೆರಿಗೆಯಲ್ಲಿ, ಉಪ್ಪಿತ್ತು. ಅವಳು ಯಾವ ಮಾತನ್ನೂ ಕೊಟ್ಟಿರಲಿಲ್ಲ. ಒಣಗಲು ಮಾತೇ ಇರಲಿಲ್ಲ. ಆದರೂ ಉಪ್ಪಿತ್ತು. ಅವರು ಅದನ್ನು ಗುಡಿಸಿ ಎರಡು ಪಾಲು ಮಾಡಿದರು, ಜಾಡಿಗಳಿಗೆ ಹಂಚಿದರು, ಕೊನೆಗೆ ಒಂದು ಹಿಡಿ ಉಳಿಸಿ ಅವಳ ಅಂಗೈ ಬಿಡಿಸಿ ಇಟ್ಟರು.

"ನಿನ್ನ ಪಾಲು ಸಂದಿತು," ಎಂದ ಯಜಮಾನ. "ನಿಮ್ಮಪ್ಪನಿಗೂ ಇಷ್ಟೇ ಕೊಡ್ತಿದ್ವಿ."

ಅಂಗೈಯಲ್ಲಿ ಅದು ಇನ್ನೂ ಬೆಚ್ಚಗಿತ್ತು. ಅವಳ ಮೈಯಷ್ಟೇ ಬೆಚ್ಚಗೆ. ಸೇತುವೆಯ ಮೇಲೆ ಆಡಿದ ದಿನ ಅಪ್ಪ ಒರೆಸಿ ಒರೆಸಿ ತೆಗೆದ ಬಿಳಿಪುಡಿ ನೆನಪಾಯಿತು. ತಾನು ಮೊದಲ ತುತ್ತು ನುಂಗುವುದನ್ನು ಕಾಯುತ್ತಿದ್ದ ಅವನ ಮುಖ ನೆನಪಾಯಿತು. ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದ ಅವ್ವನ ಬೆನ್ನು ನೆನಪಾಯಿತು. ಇಷ್ಟು ವರ್ಷ ತಾನು ಉಂಡದ್ದು ಏನು ಎಂದು ಅವಳಿಗೆ ತಿಳಿಯಿತು. ಅವಳು ಬಾಯಿ ಬಿಗಿಹಿಡಿದಳು. ಒಳಗಿದ್ದುದನ್ನು ಹೊರಗೆ ಚೆಲ್ಲಲು ಅವಳಿಗೆ ಮನಸ್ಸು ಬರಲಿಲ್ಲ.

ಕಸಬರಿಕೆ ಕಲ್ಲಿನ ಗುಳಿಯ ಕಡೆ ಹೋಯಿತು.

"ಅದನ್ನ ಮುಟ್ಟಬೇಡಿ," ಎಂದಳು. "ಕೊಳಗದ ಮಾತಾಗಿದೆ."

"ಯಾವ ಕೇರಿಯ ಪಾಲಿನಿಂದ?" ಎಂದು ಜನರ ನಡುವಿನಿಂದ ಒಬ್ಬ ಕೇಳಿದ.

"ಯಾವ ಕೇರಿಯದ್ದೂ ಅಲ್ಲ. ಕೊಳಗ ತನ್ನಿ."

ಅವಳು ಎರಡೂ ಕೈ ಸೆರಗಿನಿಂದ ಹೊರಗಿಟ್ಟುಕೊಂಡು ನಿಂತಿದ್ದಳು. ಅವಳನ್ನು ಎದುರಿಸಿದರೆ ನಾಳೆ ಕಟ್ಟೆ ಖಾಲಿ ಎಂಬುದು ಇಬ್ಬರು ಹಿರಿಯರಿಗೂ ಒಂದೇ ಗಳಿಗೆಯಲ್ಲಿ ತಿಳಿಯಿತು. ಕೊಳಗ ಬಂತು. ಅವಳೇ ಬೊಗಸೆಬೊಗಸೆಯಾಗಿ ತುಂಬಿದಳು. ಗುಳಿಯ ಅಂಚಿನಲ್ಲಿ ಅಂಟಿದ ಕೊನೆಯ ಹರಳನ್ನು ಪಂಚೆಯ ತುದಿ ಒದ್ದೆ ಮಾಡಿ ಒರೆಸಿಕೊಂಡಳು. ಗುಪ್ಪೆ ಮುಗಿದಾಗ ಕೊಳಗ ಕಂಠಮಟ್ಟ ತುಂಬಿತ್ತು.

"ಮಾತು ತಪ್ಪಿದವರಲ್ಲ ನಾವು," ಎಂದ ಯಜಮಾನ, ತನಗೇ ಹೇಳಿಕೊಳ್ಳುವಂತೆ. "ಬಿಡುಗಡೆ ಅಂದಳು, ಬಿಡುಗಡೆ ಆಯಿತು. ಕೊಳಗ ಅಂದಳು, ಕೊಳಗ ಸಂದಿತು."

ಅವಳು 'ಸಂದಿತು' ಎನ್ನಲಿಲ್ಲ. ತನ್ನ ಪಾಲಿನ ಹಿಡಿ ಉಪ್ಪನ್ನು ಸೇತುವೆಯ ಮೇಲಿಂದ ಕಾಲುವೆಗೆ ಬಿಟ್ಟಳು. ಎರಡೂ ಕಡೆಯ ಜನ ಅಯ್ಯೋ ಎಂದರು, ಒಂದೇ ಬಾಯಿಂದ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಮಗಳ ಸೊಂಟದ ಮೇಲಿನ ಕೊಳಗ ನೋಡಿದಳು, ಕೊಳಗದ ಮೇಲೆ ಮಡಿಸಿಟ್ಟ ಪಂಚೆ ನೋಡಿದಳು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿಯ ಕಡೆ ನೋಡಲಿಲ್ಲ. ಮಗಳು ಕೊಳಗವನ್ನು ಅಡುಗೆಮನೆಯಲ್ಲಿ, ಅಪ್ಪ ಕೂರುತ್ತಿದ್ದ ಮಣೆಯ ಮೇಲೆ ಇಟ್ಟಳು.

ಅವ್ವ ಎದುರಿಗೆ ಕೂತಳು. ಬಲಗೈಯ ಬಟ್ಟೆ ಬಿಚ್ಚಿದಳು. ಎಡಗೈಯದನ್ನು ಬಿಚ್ಚಿದಳು. ಆ ಕೈಗಳನ್ನು ಮಗಳು ಬರಿದಾಗಿ ನೋಡುತ್ತಿದ್ದುದು ಇದೇ ಮೊದಲು. ಬೆರಳ ಸಂದಿನಲ್ಲಿ ಅರಿಸಿನ ಕೆಂಪಾಗದೆ ಹಳದಿಯಾಗಿಯೇ ಉಳಿದಿತ್ತು. ಹುಳಿಕೇರಿಯ ಕೈ. ಈ ಕೈ ಸೋಕಿ ಅಪ್ಪ ಒಂದು ಹರಳಿನಷ್ಟೂ ಕಡಿಮೆಯಾಗಬಾರದೆಂದು, ಮಗಳು ಒಂದು ಹರಳಿನಷ್ಟೂ ಸವೆಯಬಾರದೆಂದು, ಅವ್ವ ಅದನ್ನು ಇಷ್ಟು ವರ್ಷ ಕಟ್ಟಿಟ್ಟಿದ್ದಳು.

ಅವ್ವ ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಉಪ್ಪಿನೊಳಗೆ ಇಳಿಸಿದಳು. ಬುಸುಗುಟ್ಟಲಿಲ್ಲ. ನೊರೆ ಏಳಲಿಲ್ಲ. ಉಪ್ಪು ಸುಮ್ಮನಿತ್ತು. ಅವಳು ಕೈಗಳನ್ನು ಹಾಗೆಯೇ ಬಹಳ ಹೊತ್ತು ಅದರೊಳಗೆ ಬಿಟ್ಟಳು.

"ಅವನಿದ್ದಾಗ ಒಂದೊಂದೇ ಹಿಡಿ ಕೊಟ್ಟು ಕಳಿಸ್ತಿದ್ದರು," ಎಂದಳು ಆಮೇಲೆ, ತಲೆ ಎತ್ತದೆ. "ಇದರಲ್ಲಿ ಅವರು ಎಷ್ಟು ಉಳಿಸಿಕೊಂಡರು?"

"ಏನೂ ಇಲ್ಲವ್ವ. ನಾನೇ ಅಳೆದೆ. ಅಪ್ಪನನ್ನ ಪೂರ್ತಿ ಕೊಟ್ಟರು."